ಹೊರಗೆ ಥಳಕು, ಒಳಗೆ ಹುಳುಕು

ಇಂಗ್ಲೆಂಡಿನಲ್ಲಿ ೧೯೬೨ರಿಂದ ೧೯೮೦ರವರೆಗೆ ತಯಾರಾದ ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರುಗಳ ಸಂಖ್ಯೆ ಐದು ಲಕ್ಷವನ್ನು ಮೀರಿತ್ತು. ಅವುಗಳಲ್ಲಿ ಅನೇಕವು ಇಂದಿಗೂ ಅಲ್ಲಿನ ರಸ್ತೆಗಳಲ್ಲಿ ಓಡುತ್ತಿವೆ. ಆದರೆ ಇಂಥ ಕಾರಿನ ಆಯುಸ್ಸನ್ನು ನಿರ್ಧರಿಸುವುದು ಕಣ್ಣಿಗೆ ಕಾಣದ ಅದರ ತಳಭಾಗ. ತಳದ ತಗಡುಗಳು ಸವೆದಾಗ ತೇಪೆ ಹಾಕಿ, ಮೇಲೆ ಡಾಂಬರು ಬಳಿದು ಮುಚ್ಚಿಬಿಡುವ ರೂಢಿಯನ್ನು ನಾವು ಒಪ್ಪಲಾರೆವು.

ಇದರ ಹಿಂದಿನ ಎಂ.ಜಿ.ಎ. ಕಾರಿನಲ್ಲಿ ಭಾರವನ್ನು ಹೊರುವುದಕ್ಕೆ ಪ್ರತ್ಯೇಕವಾದ ಉಕ್ಕಿನ ಚೌಕಟ್ಟಿತ್ತು. ಎಂ.ಜಿ.ಬಿ.ಯಲ್ಲಿ ಅಂಥ ಚೌಕಟ್ಟಿಲ್ಲ. ತಗಡುಗಳನ್ನು ಬೆಸೆದು ಮಾಡಿದ ಒಡಲೇ ಭಾರವನ್ನು ಹೊರುತ್ತದೆ. ಚಾವಣಿಯಿಲ್ಲದ ಮಾದರಿಯಲ್ಲಿ ಬಾಗಿಲುಗಳ ಕೆಳಗೆ ಹಾಯುವ ಟೊಳ್ಳು ತೊಲೆಗಳ ಮೇಲೆ ಈ ಹೊಣೆ ಇನ್ನಷ್ಟು ಬೀಳುತ್ತದೆ. ಅವುಗಳಿಗೆ ತುಕ್ಕು ಹಿಡಿದರೆ ಅಪಘಾತದ ಸಮಯದಲ್ಲಿ ಒಳಗಿರುವವರನ್ನು ಕಾಯುವ ಬಲವೇ ಕುಂದುತ್ತದೆ.

ತುಕ್ಕು ಹಿಡಿಯುವುದು ಒಂದು ವಿದ್ಯುದ್ರಾಸಾಯನಿಕ ಕ್ರಿಯೆ. ಕಬ್ಬಿಣದ ಪರಮಾಣುಗಳು ಒಂದೆಡೆ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಕರಗುತ್ತವೆ. ಇನ್ನೊಂದೆಡೆ ಆಮ್ಲಜನಕವು ನೀರಿನೊಡನೆ ಸೇರಿ ಆ ಎಲೆಕ್ಟ್ರಾನುಗಳನ್ನು ಸ್ವೀಕರಿಸುತ್ತದೆ. ಚಳಿಗಾಲದಲ್ಲಿ ಹಿಮವನ್ನು ಕರಗಿಸಲು ಅಲ್ಲಿನ ರಸ್ತೆಗಳ ಮೇಲೆ ಎರಚುವ ಉಪ್ಪು, ನೀರಿನ ವಿದ್ಯುದ್ವಾಹಕತೆಯನ್ನು ಹೆಚ್ಚಿಸಿ ಈ ಕ್ರಿಯೆಗೆ ವೇಗ ಕೊಡುತ್ತದೆ. ವಾಚಕರು ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಲೋಹವು ಹೆಚ್ಚಾಗಿ ಕರಗುವುದು ಆಮ್ಲಜನಕ ಕಡಿಮೆಯಿರುವ ಕಡೆಯಲ್ಲಿ, ಅಂದರೆ ತೇಪೆಯ ಅಡಿಯಲ್ಲಿ, ಬಿರುಕುಬಿಟ್ಟ ಡಾಂಬರಿನ ಹಿಂದೆ, ಕೆಸರು ಕೂತ ಸಂದಿನಲ್ಲಿ. ಮೇಲುಮೇಲೆ ಮುಚ್ಚಿದರೆ ತೇವವು ಒಳಗೇ ನಿಂತು ತಗಡನ್ನು ತಿನ್ನುತ್ತದೆ.

ಹಾಗಾದರೆ ಮಾಡಬೇಕಾದುದೇನು? ಕಾರನ್ನು ಎತ್ತಿ ನಿಲ್ಲಿಸಿ, ಹಳೆಯ ಲೇಪವನ್ನು ಕೆರೆದು, ಗಟ್ಟಿ ಲೋಹ ಸಿಕ್ಕುವವರೆಗೆ ಸವೆದ ತಗಡನ್ನು ಕತ್ತರಿಸಿ ತೆಗೆಯಬೇಕು. ತೊಲೆಯನ್ನು ಕತ್ತರಿಸುವ ಮುನ್ನ ಒಡಲಿಗೆ ಆಧಾರ ಕೊಡದಿದ್ದರೆ ನಡು ಜಗ್ಗಿ, ಬಾಗಿಲುಗಳು ಮತ್ತೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಹೊಸ ತಗಡನ್ನು ಬೆಸೆದ ಮೇಲೆ ಸತುವುಳ್ಳ ಬಣ್ಣವನ್ನು ಬಳಿದು, ಟೊಳ್ಳುಗಳೊಳಗೆ ಮೇಣವನ್ನು ಸಿಂಪಡಿಸಿ, ನೀರು ಹರಿದುಹೋಗುವ ರಂಧ್ರಗಳನ್ನು ತೆರೆದಿಡಬೇಕು. ಇದಕ್ಕೆ ಹಣವೂ ತಾಳ್ಮೆಯೂ ಬೇಕು, ನಿಜ. ಆದರೆ ಅಗ್ಗದ ತೇಪೆಯನ್ನು ಮತ್ತೆ ಮತ್ತೆ ಹಾಕಬೇಕಾಗುತ್ತದೆ.

ಬ್ರಿಟನ್ನಿನಲ್ಲಿ ಹಳೆಯ ವಾಹನಗಳ ಕಡ್ಡಾಯ ತಪಾಸಣೆ ೧೯೬೦ರಲ್ಲಿ ಆರಂಭವಾಯಿತು. ೪೦ ವರ್ಷ ದಾಟಿದ, ಗಣನೀಯ ಮಾರ್ಪಾಡು ಹೊಂದದ ಕಾರುಗಳಿಗೆ ೨೦೧೮ರ ಮೇ ತಿಂಗಳಿನಿಂದ ಅದರಿಂದ ವಿನಾಯಿತಿ ದೊರೆತಿದೆ. ಎಂ.ಜಿ.ಬಿ.ಗಳೆಲ್ಲವೂ ಈಗ ಆ ವಯಸ್ಸನ್ನು ದಾಟಿವೆ. ಇಂಥ ಕಾರುಗಳು ಓಡುವುದೇ ಕಡಿಮೆ, ಒಡೆಯರು ಅವನ್ನು ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ ಎಂಬ ವಾದವುಂಟು. ಆದರೆ ತುಕ್ಕು ನಿಂತ ಕಾರನ್ನೂ ತಿನ್ನುತ್ತದೆ. ಕಾರನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು ಕಾನೂನು ಒಡೆಯನ ಮೇಲೆಯೇ ಇರಿಸಿದೆ; ಸ್ವಇಚ್ಛೆಯಿಂದ ತಪಾಸಣೆ ಮಾಡಿಸುವುದಕ್ಕೂ ಅಡ್ಡಿಯಿಲ್ಲ. ವರ್ಷಕ್ಕೊಮ್ಮೆ ಅದನ್ನು ಮಾಡಿಸುವುದೇ ವಿವೇಕವೆಂದು ನಮ್ಮ ಅಭಿಪ್ರಾಯ. ಪಕ್ಕದಲ್ಲಿ ಕುಳಿತವರೂ ದಾರಿಯಲ್ಲಿ ನಡೆಯುವವರೂ ತಾವು ಕಾಣದ ಆ ತಗಡುಗಳನ್ನು ನಂಬಿರುತ್ತಾರೆ.