ಭತ್ತದ ಹೊಟ್ಟಿನಿಂದ ಬ್ಯಾಟರಿ ಸಾಮಗ್ರಿ: ಗಂಗಾವತಿ ಭಾಗದ ಸಾಧ್ಯತೆಗಳು ಹಾಗೂ ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಹಿನ್ನೆಲೆ

ಕೊಪ್ಪಳ ಜಿಲ್ಲೆಯ ಗಂಗಾವತಿ ಪ್ರದೇಶವು ಭತ್ತದ ಕಣಜವೆಂದು ಹೆಸರಾಗಿದೆ. ಹನುಮನಹಳ್ಳಿ, ಆನೆಗುಂದಿ ಮುಂತಾದ ತುಂಗಭದ್ರಾ ತೀರದ ಗ್ರಾಮಗಳಲ್ಲಿಯೂ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿಯೂ ಬೆಳೆಯುವ ಭತ್ತವನ್ನು ಗಂಗಾವತಿ ಹಾಗೂ ಕಾರಟಗಿಯ ಅಕ್ಕಿ ಗಿರಣಿಗಳಲ್ಲಿ ಸಂಸ್ಕರಿಸಲಾಗುತ್ತದೆ. ಒಂದು ಕ್ವಿಂಟಾಲ್ ಭತ್ತದಿಂದ ಸುಮಾರು 20 ಕಿ.ಗ್ರಾಂ. ಹೊಟ್ಟು ದೊರೆಯುತ್ತದೆ. ಅದನ್ನು ಉರಿಸಿದಾಗ ಉಳಿಯುವ ಸುಮಾರು 4 ಕಿ.ಗ್ರಾಂ. ಬೂದಿಯ ಬಹುಭಾಗ ಸಿಲಿಕಾ ಆಗಿರುತ್ತದೆ. ಸಿಲಿಕಾದಿಂದ ಆಮ್ಲಜನಕವನ್ನು ಬೇರ್ಪಡಿಸಿದಲ್ಲಿ ಸಿಲಿಕಾನ್ ದೊರೆಯುತ್ತದೆ. ವಿದ್ಯುತ್ ವಾಹನಗಳ ಬಳಕೆ ಹೆಚ್ಚುತ್ತಿರುವ ಈ ಸಂದರ್ಭದಲ್ಲಿ ಸದರಿ ಬೂದಿಯು ಬ್ಯಾಟರಿ ಉದ್ಯಮದ ಕಚ್ಚಾವಸ್ತುವಾಗಬಲ್ಲದೇ ಎಂಬುದನ್ನು ಇಲ್ಲಿ ವಿಶ್ಲೇಷಿಸಲಾಗಿದೆ.

ಸಿಲಿಕಾನ್‌ನ ಮಹತ್ವ ಮತ್ತು ಇಂಗಾಲದ ಲೇಪನ

ಲಿಥಿಯಂ-ಅಯಾನ್ ಬ್ಯಾಟರಿಯ ಆನೋಡ್, ಅಂದರೆ ಋಣ ವಿದ್ಯುದ್ವಾರವನ್ನು ಸಾಮಾನ್ಯವಾಗಿ ಗ್ರಾಫೈಟ್‌ನಿಂದ ತಯಾರಿಸಲಾಗುತ್ತದೆ. ಒಂದು ಗ್ರಾಂ ಗ್ರಾಫೈಟ್ ಗರಿಷ್ಠ 372 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುತ್ತನ್ನು ಸಂಗ್ರಹಿಸಬಲ್ಲದು. ಸಿಲಿಕಾನ್‌ನ ಸಾಮರ್ಥ್ಯವು ಇದರ ಸುಮಾರು 10 ಪಟ್ಟು ಇರುತ್ತದೆ. ಆದರೆ ಚಾರ್ಜ್ ಆಗುವಾಗ ಸಿಲಿಕಾನ್‌ನ ಗಾತ್ರ ಮೂರು ಪಟ್ಟಿಗೂ ಮೀರಿ ಹಿಗ್ಗುತ್ತದೆ, ಬಳಸಿದಂತೆ ಮತ್ತೆ ಕುಗ್ಗುತ್ತದೆ. ಇದರಿಂದ ಕಣಗಳು ಬಿರುಕು ಬಿಟ್ಟು ಬ್ಯಾಟರಿಯ ಆಯುಷ್ಯ ಶೀಘ್ರವಾಗಿ ಕುಂದುತ್ತದೆ.

ಈ ದೋಷದ ನಿವಾರಣೆಗಾಗಿ ಸಿಲಿಕಾನ್‌ನ ಅತಿಸೂಕ್ಷ್ಮ ಕಣಗಳಿಗೆ ಇಂಗಾಲದ ಲೇಪನ ನೀಡಲಾಗುತ್ತದೆ. ಲೇಪನವು ವಿದ್ಯುತ್ತನ್ನು ಸರಾಗವಾಗಿ ಹರಿಯಿಸುವುದಲ್ಲದೆ, ಬ್ಯಾಟರಿಯೊಳಗಿನ ದ್ರಾವಣವು ಸಿಲಿಕಾನ್‌ಗೆ ನೇರವಾಗಿ ತಾಗದಂತೆ ತಡೆಯುತ್ತದೆ. ಕಣವು ಹಿಗ್ಗಲು ಲೇಪನದ ಒಳಗೆ ತೆರವು ಸ್ಥಳವನ್ನೂ ಬಿಡಲಾಗುತ್ತದೆ. ಸಿಲಿಕಾನ್-ಇಂಗಾಲ ಬ್ಯಾಟರಿಗಳು 2023ರಿಂದ ಕೆಲವು ಮೊಬೈಲ್ ಫೋನ್‌ಗಳಲ್ಲಿ ಬಳಕೆಗೆ ಬಂದಿವೆ.

ಹೊಟ್ಟಿನ ಪ್ರಯೋಗಗಳು

ಭತ್ತದ ಹೊಟ್ಟಿನಿಂದ ಆನೋಡ್‌ಗೆ ಯೋಗ್ಯವಾದ ಸಿಲಿಕಾನ್ ತಯಾರಿಸಬಹುದೆಂದು ದಕ್ಷಿಣ ಕೊರಿಯಾದ ವಿಜ್ಞಾನಿಗಳೂ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳೂ 2013ರಲ್ಲಿ ಪ್ರತ್ಯೇಕವಾಗಿ ತೋರಿಸಿಕೊಟ್ಟರು. ಹೊಟ್ಟನ್ನು ಆಮ್ಲದಲ್ಲಿ ತೊಳೆದು, ನಿಯಂತ್ರಿತ ಶಾಖದಲ್ಲಿ ಸುಟ್ಟು, ದೊರೆತ ಸಿಲಿಕಾವನ್ನು ಮೆಗ್ನೀಸಿಯಂ ಜೊತೆ ಕಾಯಿಸುವುದು ಇದರ ಕ್ರಮವಾಗಿದೆ. ಹೊಟ್ಟಿನ ಸಿಲಿಕಾವು ಸಹಜವಾಗಿಯೇ ಸೂಕ್ಷ್ಮ ರಂಧ್ರಗಳನ್ನು ಹೊಂದಿರುವುದು ಇಲ್ಲಿನ ಅನುಕೂಲವಾಗಿರುತ್ತದೆ.

ಆದರೆ ಗಿರಣಿಯ ಬಾಯ್ಲರ್ ಬೂದಿಯು ಇದಕ್ಕೆ ಸಮನಲ್ಲ. ಅಧಿಕ ಶಾಖದಲ್ಲಿ ಉರಿದ ಬೂದಿಯಲ್ಲಿ ಸೂಕ್ಷ್ಮ ರಂಧ್ರಗಳು ನಾಶವಾಗಿ, ಸಿಲಿಕಾವು ಸ್ಫಟಿಕ ರೂಪಕ್ಕೆ ತಿರುಗುತ್ತದೆ. ಮೆಗ್ನೀಸಿಯಂ, ಆಮ್ಲ ಮತ್ತು ಶುದ್ಧೀಕರಣದ ವೆಚ್ಚವೂ ಗಣನೀಯವಾಗಿದೆ. ಮೇಲಾಗಿ ಪ್ರಮುಖ ತಯಾರಕರಲ್ಲಿ ಕೆಲವರು ಸಿಲೇನ್ ಅನಿಲದಿಂದ ಸಿಲಿಕಾನ್ ಪಡೆದು ರಂಧ್ರಯುಕ್ತ ಇಂಗಾಲದೊಳಗೆ ತುಂಬುವ ಬೇರೆ ಮಾರ್ಗವನ್ನು ಅನುಸರಿಸುತ್ತಾರೆ. ಆದುದರಿಂದ ಮೌಲ್ಯವಿರುವುದು ಬೂದಿಯಲ್ಲಿ ಅಲ್ಲ. ಶುದ್ಧತೆ ಮತ್ತು ಲೇಪನದ ತಂತ್ರಜ್ಞಾನದಲ್ಲಿ. ಸದ್ಯಕ್ಕೆ ಬೂದಿಗೆ ಸಿಮೆಂಟ್ ಮಿಶ್ರಣ, ಇಟ್ಟಿಗೆ ತಯಾರಿಕೆ ಹಾಗೂ ಕರಗಿದ ಉಕ್ಕಿನ ಶಾಖ ಕಾಯ್ದುಕೊಳ್ಳುವ ಹೊದಿಕೆಯಂತಹ ಉಪಯೋಗಗಳೇ ಹೆಚ್ಚು ಖಚಿತವಾಗಿವೆ.

ಅರ್ಜಿದಾರರ ಗಮನಕ್ಕೆ

1. ಘಟಕ ಸ್ಥಾಪಿಸಲು ಇಚ್ಛಿಸುವವರು ಸಾಲಕ್ಕೆ ಅರ್ಜಿ ಸಲ್ಲಿಸುವ ಮುನ್ನ ಬೂದಿಯ ಶುದ್ಧತೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳುವುದು ಹಾಗೂ ಖರೀದಿದಾರರಿಂದ ಲಿಖಿತ ಒಪ್ಪಂದ ಪಡೆಯುವುದು ಸೂಕ್ತ. ಬ್ಯಾಟರಿ ಕಾರ್ಖಾನೆಗೆ ಬೂದಿ ಪೂರೈಕೆಯ ಗುತ್ತಿಗೆ ಕೊಡಿಸುವುದಾಗಿ ಹೇಳಿ ಮುಂಗಡ ಹಣ ಕೇಳುವವರ ಬಗ್ಗೆ ಎಚ್ಚರ ವಹಿಸತಕ್ಕದ್ದು.

2. 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಗೆ ಯಾವುದೇ ಶುಲ್ಕವಿರುವುದಿಲ್ಲ. ಯೋಜನೆಗಳ ಮಾಹಿತಿಗಾಗಿ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.

3. ಆಮ್ಲ ಮತ್ತು ಕುಲುಮೆ ಬಳಸುವ ಘಟಕಗಳು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯನ್ನು ಮುಂಚಿತವಾಗಿ ಪಡೆಯತಕ್ಕದ್ದು.

4. ಸ್ಫಟಿಕ ಸಿಲಿಕಾದ ಧೂಳು ಸಿಲಿಕೋಸಿಸ್ ಎಂಬ ಗುಣವಾಗದ ಶ್ವಾಸಕೋಶದ ಕಾಯಿಲೆಯನ್ನು ಉಂಟುಮಾಡುತ್ತದೆ. ಬೂದಿಯನ್ನು ತುಂಬುವ, ಸಾಗಿಸುವ ಕಾರ್ಮಿಕರಿಗೆ ಸೂಕ್ತ ಮುಖಗವಸು ಒದಗಿಸುವುದು ಮತ್ತು ಬೂದಿಗೆ ನೀರು ಸಿಂಪಡಿಸಿ ಧೂಳು ಏಳದಂತೆ ನೋಡಿಕೊಳ್ಳುವುದು ಅತ್ಯವಶ್ಯ. ಬ್ಯಾಟರಿ ಉದ್ಯಮವು ಈ ಭಾಗಕ್ಕೆ ಬರಲಿ ಬಾರದಿರಲಿ, ಈ ಎಚ್ಚರಿಕೆಯು ಇಂದಿನಿಂದಲೇ ಪಾಲಿಸಬೇಕಾದುದಾಗಿದೆ.