ಬಲ ತೋರಿಸುವುದು ಸದನದಲ್ಲೋ, ರಾಜಭವನದಲ್ಲೋ?

ಒಂದು ಗ್ರಾಮ ಪಂಚಾಯಿತಿ ಅಧ್ಯಕ್ಷನನ್ನು ಇಳಿಸಬೇಕಾದರೂ ನೋಟೀಸು ಕೊಡಬೇಕು, ಸಭೆ ಕರೆಯಬೇಕು, ಮತ ಎಣಿಸಬೇಕು. ಆದರೆ 1989ರಲ್ಲಿ ಇಡೀ ಕರ್ನಾಟಕ ಸರ್ಕಾರವನ್ನೇ ಇಳಿಸುವುದಕ್ಕೆ ಇದ್ಯಾವುದೂ ಬೇಕಾಗಲಿಲ್ಲ. ಒಂದಿಷ್ಟು ಪತ್ರ, ಅದರ ಮೇಲೆ ಸಹಿ. ಅಷ್ಟೇ ಸಾಕಾಯಿತು!

ಅವಿಭಜಿತ ಧಾರವಾಡ ಜಿಲ್ಲೆಯ ಎಸ್.ಆರ್. ಬೊಮ್ಮಾಯಿಯವರು ಆಗ ಮುಖ್ಯಮಂತ್ರಿ. 19 ಶಾಸಕರು ಬೆಂಬಲ ವಾಪಸು ಪಡೆದರೆಂಬ ಪತ್ರಗಳು ರಾಜ್ಯಪಾಲ ವೆಂಕಟಸುಬ್ಬಯ್ಯನವರ ಕೈಸೇರಿದವು. ಬೆನ್ನಲ್ಲೇ ಅವರಲ್ಲಿ ಏಳು ಮಂದಿ, ನಮ್ಮ ಬೆಂಬಲ ಸರ್ಕಾರಕ್ಕೇ ಇದೆ ಎಂದು ಬರೆದುಕೊಟ್ಟರು. ಸದನ ಕರೆಯಿರಿ, ಬಲ ತೋರಿಸುತ್ತೇನೆ ಎಂದರು ಬೊಮ್ಮಾಯಿ. ರಾಜ್ಯಪಾಲರು ಕಿವಿಗೇ ಹಾಕಿಕೊಳ್ಳಲಿಲ್ಲ. ದೆಹಲಿಗೆ ವರದಿ ಹೋಯಿತು. ಏಪ್ರಿಲ್ 21ಕ್ಕೆ ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ.

ಹೈಕೋರ್ಟಿನಲ್ಲಿ ಬೊಮ್ಮಾಯಿಯವರಿಗೆ ಸೋಲಾಯಿತು. ಆದರೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 1994ರ ಮಾರ್ಚ್ 11ರಂದು ಖಡಾಖಂಡಿತವಾಗಿ ಹೇಳಿತು: ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು, ರಾಜ್ಯಪಾಲರ ಮನಸ್ಸಿನಲ್ಲಲ್ಲ. ರಾಷ್ಟ್ರಪತಿ ಆಳ್ವಿಕೆಯ ಆಜ್ಞೆಯನ್ನೂ ಕೋರ್ಟು ಪರಿಶೀಲಿಸಬಹುದು. ಸಂಸತ್ತು ಒಪ್ಪುವ ತನಕ ವಿಧಾನಸಭೆ ವಿಸರ್ಜಿಸುವಂತಿಲ್ಲ.

ತೀರ್ಪು ಬಂಗಾರದಂಥದ್ದೇ. ಆದರೆ ಬಂದದ್ದು ಐದು ವರ್ಷಕ್ಕೆ, ಪಂಕ್ತಿ ಎದ್ದ ಮೇಲೆ ಎಲೆ ಹಾಕಿದ ಹಾಗೆ. ಅಷ್ಟರಲ್ಲಿ ಚುನಾವಣೆಯೇ ಮುಗಿದಿತ್ತು. ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ, ಹೆಸರು ಉಳಿಯಿತು.

ಪ್ರಯೋಜನವೇ ಆಗಲಿಲ್ಲ ಅನ್ನಬೇಡಿ. 2018ರ ಮೇ ತಿಂಗಳಲ್ಲಿ ಯಡಿಯೂರಪ್ಪನವರಿಗೆ ಬಹುಮತ ತೋರಿಸಲು ರಾಜ್ಯಪಾಲರು 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟು ನಾಳೆಯೇ ತೋರಿಸಿ ಅಂದಿತು. ಮೇ 19ರಂದು ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು. 15 ದಿನದ ಸಂತೆ ಒಂದೇ ದಿನಕ್ಕೆ ಎದ್ದಿತು.

ಮರುವರ್ಷ ಜುಲೈ 23ರಂದು ಕುಮಾರಸ್ವಾಮಿಯವರು 99 - 105ರಲ್ಲಿ ಸೋತದ್ದು ಸದನದಲ್ಲೇ. ನಿಯಮ ಉಳಿಯಿತು ನಿಜ. ಆದರೆ ರಾಜೀನಾಮೆ ಬರೆದು ಮುಂಬಯಿ ಹೋಟೆಲು ಸೇರಿದ ಶಾಸಕರು ಆವತ್ತು ಸದನದಲ್ಲೇ ಇರಲಿಲ್ಲವಲ್ಲ!

ಸದನದ ಬಾಗಿಲು ತೆಗೆಸುವುದು ಕೋರ್ಟಿಗೆ ಸಾಧ್ಯ. ಒಳಗೆ ಕೂರಬೇಕಾದವರ ನಿಯತ್ತು ಕಾಯುವುದು ಅದರ ಕೈಲಿಲ್ಲ. ಆ ಕೆಲಸ ಓಟು ಹಾಕುವ ನಮ್ಮ ನಿಮ್ಮದು. ಮುಂದಿನ ಸಲ ಕೈಮುಗಿದು ಬಾಗಿಲಿಗೆ ಬಂದಾಗ ಕೇಳಿಬಿಡಿ: ಸ್ವಾಮಿ, ಮತ ಎಣಿಸುವ ದಿನ ತಾವು ಎಲ್ಲಿರ್ತೀರಿ?