ಹೊಲದ ಗೊಬ್ಬರವೂ ಹೊಳೆಯ ನೀರೂ

ಕಾವೇರಿಯ ನೀರು ಯಾರಿಗೆಷ್ಟು ಎಂಬ ಚರ್ಚೆ ನಮ್ಮಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಆ ನೀರಿನ ಗುಣದ ಪ್ರಶ್ನೆಯನ್ನು ಎತ್ತುವವರು ವಿರಳ. ಪಟ್ಟಣದ ಚರಂಡಿಯೂ ಕಾರ್ಖಾನೆಯ ಕಲ್ಮಷವೂ ಕಣ್ಣಿಗೆ ಬೀಳುತ್ತವೆ. ಗದ್ದೆಗಳಿಂದ ಹರಿದುಬರುವ ಗೊಬ್ಬರದ ಸಾರವು ಕಣ್ಣಿಗೆ ಕಾಣದು. ಆದುದರಿಂದಲೇ ಅದು ಹೆಚ್ಚು ಅಪಾಯಕರ.

ಮಂಡ್ಯದ ನಾಲಾ ಬಯಲಿನ ಮುಖ್ಯ ಬೆಳೆಗಳು ಭತ್ತ ಮತ್ತು ಕಬ್ಬು. ಇವೆರಡಕ್ಕೂ ಯೂರಿಯಾ ಬೇಕು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವಿದೆಯಷ್ಟೆ. ಗದ್ದೆಗೆ ಎರಚಿದ ಈ ಸಾರಜನಕದಲ್ಲಿ ಭತ್ತದ ಪೈರಿಗೆ ದಕ್ಕುವುದು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಮೆ. ಉಳಿದುದರಲ್ಲಿ ಒಂದಂಶ ಗಾಳಿಗೆ ಹಾರುತ್ತದೆ. ಇನ್ನೊಂದಂಶ ನೈಟ್ರೇಟಾಗಿ ಬಾವಿಗೂ ಹೊಳೆಗೂ ಬಸಿಯುತ್ತದೆ. ರಂಜಕವು ಮಣ್ಣಿನ ಕಣಗಳಿಗಂಟಿ ಮಳೆನೀರಿನೊಡನೆ ಕೊಚ್ಚಿಹೋಗುತ್ತದೆ. ಪೈರನ್ನು ಬೆಳೆಸಬೇಕಾದ ಸಾರ ಕೆರೆಯಲ್ಲಿ ಪಾಚಿಯನ್ನೂ ಅಂತರಗಂಗೆಯನ್ನೂ ಬೆಳೆಸುತ್ತದೆ. ಅವು ಕೊಳೆತಾಗ ನೀರಿನ ಆಮ್ಲಜನಕ ತೀರಿ ಮೀನುಗಳು ಸಾಯುತ್ತವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಿ ನೈಟ್ರೇಟ್ ಇರಕೂಡದೆಂಬುದು ಭಾರತೀಯ ಮಾನಕ. ಅದು ಮಿತಿಮೀರಿದರೆ ಎಳೆಯ ಶಿಶುಗಳ ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿ ಕುಗ್ಗುತ್ತದೆ.

ಇದಕ್ಕಾಗಿ ರೈತನನ್ನು ದೂಷಿಸುವುದು ಸುಲಭ, ಆದರೆ ನ್ಯಾಯವಲ್ಲ. 2010ರಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳ ಸಹಾಯಧನದ ಕ್ರಮ ಬದಲಾದಾಗ ಯೂರಿಯಾವನ್ನು ಅದರಿಂದ ಹೊರಗಿಡಲಾಯಿತು. ಅವು ತುಟ್ಟಿಯಾದುವು; ಸರ್ಕಾರವೇ ಬೆಲೆ ಕಟ್ಟಿದ ಯೂರಿಯಾ ಅಗ್ಗವಾಗಿಯೇ ಉಳಿಯಿತು. ಅಗ್ಗವಾದುದನ್ನು ಹೆಚ್ಚಾಗಿ ಎರಚುವುದು ಮನುಷ್ಯ ಸಹಜ. 2015ರಲ್ಲಿ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪ ಕಡ್ಡಾಯವಾದುದು ಒಳ್ಳೆಯದೇ. ಆದರೆ ಅಳತೆಯೇ ತಪ್ಪಿದಲ್ಲಿ ಲೇಪವೊಂದೇ ಏನು ಮಾಡೀತು? ಗೊಬ್ಬರಗಳ ಬೆಲೆಯಲ್ಲಿರುವ ಈ ಅಸಮತೆಯನ್ನು ಮೊದಲು ಸರಿಪಡಿಸಬೇಕು.

ಗೊಬ್ಬರ ತಗ್ಗಿಸಿದರೆ ಇಳುವರಿ ಕುಸಿದೀತೆಂದು ಕೆಲವರು ಶಂಕಿಸಬಹುದು. ಬೇಕಾದಷ್ಟನ್ನು ತಗ್ಗಿಸಿರೆಂದು ಯಾರೂ ಹೇಳುತ್ತಿಲ್ಲ. ಮಿತಿಮೀರಿದ ಸಾರಜನಕದಿಂದ ಭತ್ತ ಸೊಕ್ಕಿ ಬೆಳೆದು ನೆಲಕ್ಕೊರಗುತ್ತದೆ. ಬೆಂಕಿರೋಗಕ್ಕೂ ಸುಲಭವಾಗಿ ತುತ್ತಾಗುತ್ತದೆ. ಮಣ್ಣಿನ ಪರೀಕ್ಷೆಯಂತೆ ಅಳತೆ ಗೊತ್ತುಮಾಡಿ, ಎಲೆಯ ಬಣ್ಣ ನೋಡಿ, ಕಂತು ಕಂತಾಗಿ ಕೊಡುವುದು; ಹೊಂಗೆಯ ಸೊಪ್ಪನ್ನೂ ಕೊಟ್ಟಿಗೆ ಗೊಬ್ಬರವನ್ನೂ ಮರಳಿ ಹಿಡಿಯುವುದು; ಹೊಳೆಯ ದಂಡೆಯಲ್ಲಿ ಹುಲ್ಲು ಮರಗಳ ಪಟ್ಟಿಯೊಂದನ್ನು ಉಳುಮೆಗೆ ಸೇರಿಸದೆ ಉಳಿಸುವುದು: ಇವಾವುವೂ ಅಸಾಧ್ಯವಲ್ಲ. ಹೊಳೆಗೆ ಹೋದ ಗೊಬ್ಬರವೆಂದರೆ ರೈತನ ಕೈಬಿಟ್ಟ ಹಣ. ಹೊಳೆಯನ್ನು ಉಳಿಸುವುದೂ ರೈತನನ್ನು ಉಳಿಸುವುದೂ ಒಂದೇ ಕೆಲಸ.

ಬೇಸಾಯದ ಮನೆಗಳಿಂದ ಬಂದ ವಿದ್ಯಾರ್ಥಿಗಳು ನಮ್ಮಲ್ಲಿ ಕಡಮೆಯಿಲ್ಲ. 2015ರಿಂದ ಮಣ್ಣು ಆರೋಗ್ಯ ಚೀಟಿಗಳು ರೈತರಿಗೆ ದೊರೆಯುತ್ತಿವೆ. ಮನೆಯಲ್ಲಿ ಮಡಿಸಿಟ್ಟ ಆ ಚೀಟಿಯನ್ನು ಬಿಡಿಸಿ, ಹಿರಿಯರಿಗೆ ಓದಿ ಹೇಳಿ, ಅದರಂತೆ ಮೊದಲು ಒಂದು ಗುಂಟೆಯಲ್ಲಾದರೂ ಮಾಡಿ ತೋರಿಸೋಣ. ನಾವು ಪಡೆದ ವಿದ್ಯೆ ಊರಿಗೆ ಅಷ್ಟಾದರೂ ಉಪಯೋಗವಾಗಲಿ.